ಬಾಯ್ಲರ್ ಒಂದು, ಬಾಯಿ ಎರಡು

ದೂರದ ಬೆಟ್ಟ ನುಣ್ಣಗೆ, ಹತ್ತಿರದ ಇಳಿಜಾರು ಇನ್ನೂ ನುಣ್ಣಗೆ. ಗಾದೆ ಸುಳ್ಳಾದರೂ ಕತೆ ಸುಳ್ಳಾಗದು.

ಟೌನೊ ಇಗರ್ಜಿಯ ನೆಲಮಾಳಿಗೆಯಲ್ಲಿ ಬಾಯ್ಲರಿನ ಪಕ್ಕ ಮಂಡಿಯೂರಿ, ಬಾಗಿಲ ಹೊರಗಿನ ಇಳಿಜಾರು ರ‍್ಯಾಂಪಿಗೆ ಬಿಸಿ ಹರಿಸುವ ಪಂಪನ್ನು ಆರಿಸಲು ಸ್ವಿಚ್ಚಿಗೆ ಕೈ ಚಾಚಿದ್ದ. ಮೇಲೆ ಅವನ ಚಿಕ್ಕಪ್ಪ ವಿಲ್ಯೊನ ಶವಪೆಟ್ಟಿಗೆ. ಇಪ್ಪತ್ತೆಂಟು ವರ್ಷ ಈ ಬಾಯ್ಲರ್ ನೋಡಿಕೊಂಡ ಮುದುಕ. ಈಗ ಆ ಕೆಲಸ ಟೌನೊನದು. ಬಂದವರೆಲ್ಲ ಕೋಟಿನೊಳಗೇ ನಡುಗುತ್ತಿದ್ದರು. ರ‍್ಯಾಂಪಿನ ಹಿಮ ಕರಗಿತಲ್ಲ, ಆ ಬಿಸಿಯನ್ನು ಒಳಗೆ ತಿರುಗಿಸಬಾರದೇ ಎಂದು ಪಾದ್ರಿಗಳು ಅವನನ್ನು ಕೆಳಗೆ ಕಳಿಸಿದ್ದರು.

ಬೆರಳು ಸ್ವಿಚ್ಚಿಗೆ ತಾಗಿತು.

“ಮುಟ್ಟಬೇಡ. ಒಣಗಲಿ.”

ವಿಲ್ಯೊನ ದನಿ. ಅದೇ ಗೊರಗೊರ, ಅದೇ ಎಳೆತ. ಟೌನೊ ಕತ್ತು ಹೊರಳಿಸಿದ. ಮೆಟ್ಟಿಲ ಮೇಲೆ ಯಾರೂ ಇಲ್ಲ, ತುದಿಯ ಬಾಗಿಲು ಅರೆ ತೆರೆದಿತ್ತು. ಬಾಯ್ಲರ್ ಮಾತ್ರ ಗುಂಯ್‌ಗುಡುತ್ತಿತ್ತು. ಕೈ ತಾನಾಗಿ ಹಿಂದೆ ಬಂತು. ಅಲ್ಲಿರಲೂ ಭಯ, ಮೇಲೆ ಹೋಗಲೂ ಭಯ. ಪಾದ್ರಿಗಳಿಗೆ ಏನು ಹೇಳುವುದು? ಹೆಣ ಬೇಡವೆಂದಿತು ಎಂದೇ?

* * *

ಒಂಬತ್ತು ಚಳಿಗಾಲದ ಹಿಂದೆ ಆ ರ‍್ಯಾಂಪನ್ನು ಬಿಸಿಯಾಗಿಸಿದವನೇ ವಿಲ್ಯೊ. ಹೊಸ ಬಾಯ್ಲರಿಗೆ ಇಗರ್ಜಿ ಸಮಿತಿ ಒಪ್ಪಲಿಲ್ಲ. ಹಳೆಯದರ ಬಿಸಿಯನ್ನೇ ಕವಲೊಡೆಸಿ, ಕಾಂಕ್ರೀಟಿನೊಳಗೆ ಕೊಳವೆ ಸುತ್ತಿಸಿ, ಹೆಪ್ಪುಗಟ್ಟದ ದ್ರವ ತುಂಬಿದ. ಬಾಯ್ಲರ್ ಒಂದು, ಬಾಯಿ ಎರಡು. ಒಂದಕ್ಕೆ ಉಣಿಸಿದರೆ ಇನ್ನೊಂದಕ್ಕೆ ಅರೆಹೊಟ್ಟೆ.

ಮೊದಲ ಹಿಮಕ್ಕೆ ರ‍್ಯಾಂಪು ಕಪ್ಪಗೆ ಹೊಳೆಯಿತು. ಒಳಗಿದ್ದವರು ಚಳಿ ಎಂದು ಗೊಣಗಿದರು. ವಿಲ್ಯೊ ಪಂಪು ಆರಿಸಿದ. ಜನ ಏಲಕ್ಕಿ ಬ್ರೆಡ್ಡು, ಕಾಫಿ ಮುಗಿಸುವಷ್ಟರಲ್ಲಿ ಉಳಿದಿದ್ದ ಒದ್ದೆಯೆಲ್ಲ ಹೆಪ್ಪುಗಟ್ಟಿ ಗಾಜಾಗಿತ್ತು. ಮೊದಲು ಹೊರಬಂದವಳು ಅವನ ಹೆಂಡತಿ ಸೈಮಿ. ಸೊಂಟ ಮುರಿಯಿತು, ಆಮೇಲೆ ಗಾಲಿಕುರ್ಚಿ.

ಹಿಮಕ್ಕೆ ಜಾರಿದಳು ಎಂದೇ ಊರು ನಂಬಿತು. ಪಂಪಿನ ವಿಷಯ ವಿಲ್ಯೊ ಯಾರಿಗೂ ಹೇಳಲಿಲ್ಲ. ಟೌನೊಗೂ.

* * *

ಆರು ಜನ ಪೆಟ್ಟಿಗೆ ಹೊತ್ತು ರ‍್ಯಾಂಪು ಇಳಿಯತೊಡಗಿದರು. ಎರಡೂ ಕಡೆ ಮಂಡಿಯೆತ್ತರ ಹಿಮ. ಹಿಂದೆ ಸೈಮಿಯ ಕುರ್ಚಿ ಹಿಡಿದು ಟೌನೊ ಅವರ ಬೂಟುಗಳನ್ನೇ ನೋಡುತ್ತಿದ್ದ. ಒಬ್ಬನ ಕಾಲು ತಪ್ಪಿದರೂ ಪೆಟ್ಟಿಗೆ, ಕುರ್ಚಿ ಎಲ್ಲ ಒಟ್ಟಿಗೆ ಉರುಳುತ್ತವೆ. ಬೂಟುಗಳು ಕಚ್ಚಿ ನಿಂತವು. ಪಂಪು ಓಡುತ್ತಲೇ ಇತ್ತು, ನೆಲ ಬೂದಿಬಣ್ಣಕ್ಕೆ ಒಣಗಿತ್ತು.

“ನಿಧಾನ ಮಾರಾಯ.” ವಿಲ್ಯೊನ ದನಿ, ಮುಂದಿನಿಂದ.

ಟೌನೊ ಕಲ್ಲಾದ. ಆಮೇಲೆ ಕಂಡಿತು, ಕುರ್ಚಿಯಲ್ಲಿ ಸೈಮಿಯ ಭುಜ ಕುಲುಕುತ್ತಿತ್ತು.

“ಹೆದರಬೇಡ್ವೋ, ನಾನೇ. ಆಗ ನೆಲಮಾಳಿಗೆ ಬಾಗಿಲ ಮರೆಯಿಂದ ಕೂಗಿದೋಳೂ ನಾನೇ.”

“ಚಿಕ್ಕಮ್ಮ, ಆ ದನಿ ನಿಮಗೆ ಹೇಗೆ...”

“ಒಂಬತ್ತು ಚಳಿಗಾಲ ನಿದ್ದೇಲಿ ಅದೊಂದೇ ಬಡಬಡಿಸ್ತಿದ್ರು, ಮುಟ್ಟಬೇಡ, ಒಣಗಲಿ ಅಂತ. ಎಚ್ಚರ ಇದ್ದಾಗ ಒಂದಿನಾನೂ ಬಾಯಿ ಬಿಡಲಿಲ್ಲ. ಅವತ್ತು ಪಂಪು ಆರಿಸಿದ್ದು ಯಾರು ಅಂತ ಪಕ್ಕದಲ್ಲಿ ಮಲಗಿದ್ದೋಳಿಗೆ ಗೊತ್ತಾಗಲ್ವಾ?”

ಟೌನೊನ ಮೂಗಿನಿಂದ ನಗೆ ಸಿಡಿಯಿತು. ಪಾದ್ರಿಗಳು ತಿರುಗಿ ನೋಡಿದರು. ಸೈಮಿ ನಕ್ಕಳು, ಪೆಟ್ಟಿಗೆ ಹೊತ್ತವರಿಬ್ಬರು ಕಾರಣ ತಿಳಿಯದೆಯೇ ನಕ್ಕರು; ಎಲ್ಲರಿಗಿಂತ ಜೋರಾಗಿ ಟೌನೊ ನಗುತ್ತಿದ್ದ, ಕೆನ್ನೆಯ ಮೇಲಿನ ನೀರು ಹೆಪ್ಪುಗಟ್ಟುತ್ತಿದ್ದರೂ ಒರೆಸಿಕೊಳ್ಳದೆ, ಎರಡೂ ಕೈಯಲ್ಲಿ ಕುರ್ಚಿಯ ಹಿಡಿಯನ್ನು ಬಿಗಿಹಿಡಿದು.