ಎರಡು ಸ್ಪೀಕರಿನ ನಡುವಿನ ಕುರ್ಚಿ

ಮಗಳ ಫೋನ್ ಬಂದಾಗ ಶರಣಯ್ಯ ಮಕ್ತಲದ ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ.

"ಅಪ್ಪಾ, ಸ್ಪೀಕರ್ ಹಚ್ಚೀನಿ. ದನಿ ಬರ್ತೈತಿ, ಆದ್ರ ಏನೋ ಸರಿ ಇಲ್ಲ. ಮಾತಾಡೋರು ಪಕ್ಕದ ಮನ್ಯಾಗ ಅದಾರೇನೋ ಅನಸ್ತೈತಿ. ನೀ ಒಮ್ಮೆ ಬಂದು ನೋಡು. ಅವ್ವನ್ನೂ ಕರ್ಕೊಂಡು ಬಾ."

ಗಂಗಾಂಬಿಕಾ ಗದ್ವಾಲಿನ ಶಾಲೆಯೊಂದರಲ್ಲಿ ಮೇಡಂ. ಮನೆಯಲ್ಲೇ ಸಿನಿಮಾ ಹಾಲಿನಂಥ ದನಿ ಬೇಕೆಂಬುದು ಅವಳ ಬಹುದಿನದ ಆಸೆ. ಐದು ಸ್ಪೀಕರಿನ ಸೆಟ್ಟು ಕೈಗೆಟುಕದೆ, ವರ್ಗವಾಗಿ ಹೊರಟ ಸಹೋದ್ಯೋಗಿಯೊಬ್ಬರಿಂದ ಹಳೆಯ ಆಂಪ್ಲಿಫೈಯರನ್ನೂ ಎರಡು ಸ್ಪೀಕರ್ ಪೆಟ್ಟಿಗೆಗಳನ್ನೂ ಕೊಂಡಿದ್ದಳು.

ಶರಣಯ್ಯನಿಗೆ ಒಳಗೊಳಗೇ ಹಿಗ್ಗು. ಮೂವತ್ತು ವರ್ಷ ಮೈಕ್ ಸೆಟ್ ನಡೆಸಿದವನು ಅವನು. ಸುತ್ತಲಿನ ಹಳ್ಳಿಗಳಲ್ಲಿ ಮದುವೆಯಿರಲಿ, ಬೀರಪ್ಪನ ಪೂಜೆಯಿರಲಿ, ಸೈಕಲ್ಲಿನ ಹಿಂದೆ ಆಂಪ್ಲಿಫೈಯರ್ ಬಿಗಿದು, ಹೆಗಲಿಗೆ ತಂತಿಯ ಸುರುಳಿ ಹಾಕಿಕೊಂಡು ಹೋಗುತ್ತಿದ್ದ. ದೂರದ ಗುಂಡುಮಾಲ್ ಕಡೆಗಾದರೆ ಬಸ್ಸಿನ ಟಾಪಿನ ಮೇಲೆ ಸಾಮಾನು ಏರಿಸುತ್ತಿದ್ದ. ಡಿಜೆ ಪೆಟ್ಟಿಗೆಗಳು ಬಂದ ಮೇಲೆ ಅವನನ್ನು ಕರೆಯುವವರು ಕಡಿಮೆಯಾದರು. ಸೆಟ್ಟು ಮಾರಿ ಹತ್ತು ವರ್ಷವಾಗಿತ್ತು. ಅಂದಿನಿಂದ ಯಾರೂ ಅವನನ್ನು ದನಿಯ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಶರಣಯ್ಯ, ಹೆಂಡತಿ ಅನ್ನಮ್ಮ ಇಬ್ಬರೂ ಗದ್ವಾಲಿನಲ್ಲಿ ಬಸ್ಸಿಳಿದರು. ಶರಣಯ್ಯ ನೀರನ್ನೂ ಕುಡಿಯದೆ ಕೆಲಸಕ್ಕೆ ನಿಂತ. ಒಂದು ಪೆಟ್ಟಿಗೆಯನ್ನು ಅಲಮಾರಿಯ ನೆತ್ತಿಗೇರಿಸಿದ. ಇನ್ನೊಂದನ್ನು ಕಿಟಕಿಯಲ್ಲಿಟ್ಟು ಅದರ ಮುಖವನ್ನು ಬೀದಿಗೆ ತಿರುಗಿಸಿದ.

ಗಂಗಾಂಬಿಕಾ ನಕ್ಕುಬಿಟ್ಟಳು. "ಅಪ್ಪಾ, ಓಣಿಗೆಲ್ಲ ಕೇಳಸ್ಬೇಕೇನು? ಇಲ್ಲಿ ಕುಂತೋರಿಗಷ್ಟೇ ಕೇಳಿದ್ರ ಸಾಕು."

ಶರಣಯ್ಯ ಪೆಟ್ಟಿಗೆ ಹಿಡಿದುಕೊಂಡೇ ನಿಂತ. ಬೇವಿನ ಮರದ ತುದಿಗೆ ಎರಡು ಹಾರ್ನ್ ಸ್ಪೀಕರ್ ಕಟ್ಟಿ, ಒಂದರ ಬಾಯಿ ಮೂಡಣಕ್ಕೆ, ಇನ್ನೊಂದರದು ಪಡುವಣಕ್ಕೆ ತಿರುಗಿಸಿದ ಕೈ ಅದು. ದೂರದಲ್ಲಿದ್ದವರಿಗೆ ಮುಟ್ಟಿಸುವುದೇ ಅವನ ಕೆಲಸವಾಗಿತ್ತು. ಹತ್ತಿರ ಕುಳಿತವರ ಬಗ್ಗೆ ಅವನೆಂದೂ ಯೋಚಿಸಿರಲಿಲ್ಲ.

ಕೊನೆಗೆ ಎರಡನ್ನೂ ಇಳಿಸಿ, ಟಿವಿಯ ಆಚೆಗೊಂದು ಈಚೆಗೊಂದು ಸ್ಟೂಲಿನ ಮೇಲೆ, ಕುಳಿತವರ ಕಿವಿಯ ಮಟ್ಟಕ್ಕಿಟ್ಟ. ಹಾಡು ಹಚ್ಚಿಸಿ, ಕಣ್ಣು ಮುಚ್ಚಿ ಕೇಳಿದ.

"ಒಂದರ ತಂತಿ ಅದಲಿ ಬದಲಿ ಆಗೈತಿ. ಒಂದು ಪೆಟಿಗಿ ಗಾಳಿ ದೂಡುವಾಗ ಇನ್ನೊಂದು ಎಳೀತೈತಿ. ಅದಕ್ಕ ದನಿ ಟೊಳ್ಳಾಗೈತಿ."

ಎಡಗಡೆಯ ಪೆಟ್ಟಿಗೆಯ ಹಿಂದೆ ಕೆಂಪು ತಂತಿ ಕಪ್ಪು ತಂತಿಯ ಜಾಗದಲ್ಲಿತ್ತು. ಬದಲಿಸಿದ. ಮರುಕ್ಷಣ ಹಾಡುವವಳ ದನಿ ಎರಡು ಪೆಟ್ಟಿಗೆಗಳ ನಟ್ಟನಡುವೆ ಬಂದು ನಿಂತಿತು. ಗಂಗಾಂಬಿಕಾ ಚಪ್ಪಾಳೆ ತಟ್ಟಿದಳು.

ಶರಣಯ್ಯ ನಡುವೆ ಒಂದು ಕುರ್ಚಿ ಹಾಕಿದ. "ಅನ್ನಮ್ಮಾ, ಬಾ ಇಲ್ಲಿ. ಮೂವತ್ತು ವರ್ಷ ಊರೂರಿಗೆ ಕೇಳಿಸ್ದೆ. ನೀ ಒಬ್ಬಾಕಿ ಮನ್ಯಾಗ ಉಳದಿ. ನನ್ನ ಸೆಟ್ ಒಮ್ಮೆನೂ ಕೇಳಲಿಲ್ಲ."

ಅನ್ನಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಬಂದು ಕುಳಿತಳು. "ಕೇಳಿಲ್ಲ ಅಂತ ಯಾರ್ ಹೇಳಿದ್ರು ನಿಮಗ?"

"ಎಲ್ಲಿ ಕೇಳಿದಿ?"

"ಮಾಳಿಗಿ ಮ್ಯಾಲ ನಿಂತು ಕೇಳ್ತಿದ್ದೆ. ಗಾಳಿ ಈ ಕಡಿ ಬಂದ್ರ ಪದ ತಿಳೀತಿತ್ತು, ಇಲ್ಲಂದ್ರ ಬರೀ ಗುಂಯ್ ಅಂತಿತ್ತು. ಹಾಡು ನಿಂತ್ರ ಮದುವಿ ಮುಗೀತಂತ ಲೆಕ್ಕ. ನೀವು ತಂತಿ ಸುತ್ತಾಕ ಅರ್ಧ ತಾಸು, ಸೈಕಲ್ ಮ್ಯಾಲ ಬರಾಕ ಅರ್ಧ ತಾಸು. ಆಮ್ಯಾಲ ಒಲಿ ಮ್ಯಾಲ ರೊಟ್ಟಿ ಹಂಚು ಇಡ್ತಿದ್ದೆ."

ಶರಣಯ್ಯನಿಗೆ ನೆನಪಾಯಿತು. ಹತ್ತಿರದ ಊರುಗಳಿಂದ ಮನೆಗೆ ಬಂದಾಗಲೆಲ್ಲ ತಟ್ಟೆಗೆ ಬಿಸಿ ರೊಟ್ಟಿಯೇ ಬೀಳುತ್ತಿತ್ತು. ಅದು ಹೇಗೆಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಒಂದು ಹಾರ್ನಿನ ಬಾಯನ್ನು ಮಕ್ತಲದ ಕಡೆಗೆ ತಿರುಗಿಸಬೇಕೆಂದು ಅವನಿಗೆ ಎಂದೂ ಹೊಳೆದಿರಲಿಲ್ಲ.

"ಒಂದು ಹಾಡು ಇತ್ತು," ಅನ್ನಮ್ಮ ಮುಂದುವರಿಸಿದಳು. "ಹೆಣ್ಣೊಪ್ಪಿಸುವಾಗ ಹಚ್ತಿದ್ರಿ. ಮೊದಲ್ನೇ ಸಾಲು ನನಗ ಬಾಯಿಪಾಠ. ಆಮ್ಯಾಲಿಂದು ಯಾವಾಗ್ಲೂ ಗಾಳೀನೇ ಒಯ್ತಿತ್ತು."

ಅವಳು ಮೆಲ್ಲಗೆ ಗುನುಗಿದಳು. ಅರ್ಧ ಸಾಲಿಗೇ ಶರಣಯ್ಯನಿಗೆ ಹಾಡು ಗೊತ್ತಾಯಿತು. ಅದರ ರೆಕಾರ್ಡನ್ನು ಅವನು ಸವೆಯುವಷ್ಟು ಹಾಕಿದ್ದ. ಹೆಸರು ಹೇಳಿದ. ಗಂಗಾಂಬಿಕಾ ಫೋನಿನಲ್ಲಿ ಹುಡುಕಿ ಹಚ್ಚಿದಳು.

ಅನ್ನಮ್ಮ ತೊಡೆಯ ಮೇಲೆ ಕೈಯಿಟ್ಟುಕೊಂಡು ನೆಟ್ಟಗೆ ಕುಳಿತು ಕೇಳಿದಳು. ಎರಡನೇ ಸಾಲು ಬಂತು, ಮೂರನೆಯದೂ ಬಂತು. ಶರಣಯ್ಯ ಅವಳ ಪಕ್ಕದಲ್ಲೇ ನೆಲದ ಮೇಲೆ ಕುಳಿತ. ಅಲ್ಲಿಂದ ಅವನಿಗೆ ಬಲಗಡೆಯ ಪೆಟ್ಟಿಗೆಯೇ ಜೋರಾಗಿ ಕೇಳುತ್ತಿತ್ತು. ಆದರೂ ಏಳಲಿಲ್ಲ.

ಹಾಡು ಮುಗಿಯಿತು. ಅನ್ನಮ್ಮ ಕಣ್ಣೊರೆಸಿಕೊಂಡಳು.

"ಇಷ್ಟು ಉದ್ದ ಐತೇನು ಇದು! ಇನ್ನೊಂದು ಸಲ ಹಚ್ಚವ್ವ."

ಗಂಗಾಂಬಿಕಾ ಮತ್ತೆ ಹಚ್ಚಿ, ಫೋನನ್ನು ಅಪ್ಪನ ಕೈಗೆ ಕೊಟ್ಟು, ಅಡುಗೆಗಿಡಲು ಒಳಗೆ ಹೋದಳು.