ಗದ್ದದ ಮೇಲಿನ ಮೂರು ಚುಕ್ಕೆ

ವಂದನಾಳ ಗದ್ದದ ಮೇಲೆ ಹಸಿರು ಹಚ್ಚೆಯ ಮೂರು ಚುಕ್ಕೆಗಳಿದ್ದವು. ಐದು ವರ್ಷದವಳಿದ್ದಾಗ ಬೇಸಿಗೆ ರಜೆಗೆಂದು ವಿಜಯಪುರದ ಹತ್ತಿರದ ಅಜ್ಜಿಯ ಊರಿಗೆ ಹೋದಾಗ ಹಾಕಿಸಿದ್ದವು. ಅಜ್ಜಿ ಚನ್ನವ್ವ ಹಠ ಹಿಡಿದು ಹಾಕಿಸಿದಳು, ತಾನು ಬೇಡವೆಂದರೂ ಕೇಳಲಿಲ್ಲ ಎಂದು ತಾಯಿ ಗಂಗುಬಾಯಿ ಮೊದಲಿನಿಂದಲೂ ಹೇಳುತ್ತ ಬಂದಿದ್ದಳು. ವಂದನಾಳಿಗೆ ಆ ದಿನದ ನೆನಪು ಅಷ್ಟಕ್ಕಷ್ಟೆ. ಯಾರೋ ತಲೆಯನ್ನು ಗಟ್ಟಿಯಾಗಿ ಹಿಡಿದಿದ್ದರು, ಬಾಯಲ್ಲಿ ಬೆಲ್ಲದ ಚೂರಿತ್ತು.

ಮುಂಬಯಿಯ ಆಂಟಾಪ್ ಹಿಲ್‌ನ ಶಾಲೆಯಲ್ಲಿ ಹುಡುಗರು ಅವಳನ್ನು ‘ಗಾಂವ್‌ವಾಲಿ’, ಹಳ್ಳಿಯವಳು, ಎಂದು ಕರೆದರು. ಒಬ್ಬ ಟೀಚರು ಶಾಯಿ ಮೆತ್ತಿಕೊಂಡಿದೆ ಎಂದುಕೊಂಡು ಒದ್ದೆ ಕರವಸ್ತ್ರದಿಂದ ಉಜ್ಜಿ ನೋಡಿದ್ದರು. ಹನ್ನೆರಡನೆಯ ವಯಸ್ಸಿಗೆ ಗಂಗುಬಾಯಿಯೇ ದಾದರಿನ ಅಂಗಡಿಯಿಂದ ಕಲೆ ಮುಚ್ಚುವ ಕ್ರೀಮು ತಂದುಕೊಟ್ಟಳು. ಅಂದಿನಿಂದ ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಅದಕ್ಕೇ ಹೋಗುತ್ತಿತ್ತು. ಮುಂಬಯಿಯ ಬೆವರಿಗೆ ಕ್ರೀಮು ಮಧ್ಯಾಹ್ನದವರೆಗೂ ನಿಲ್ಲುತ್ತಿರಲಿಲ್ಲ. ಕಾಲೇಜಿನಲ್ಲಿ ಒಂದು ಗಂಟೆಯ ಹೊತ್ತಿಗೆ ಅವಳು ಎಲ್ಲಿದ್ದರೂ ಬಾತ್‌ರೂಮಿಗೆ ಓಡುತ್ತಿದ್ದಳು.

ಕೊರೋನಾ ಬಂದು ಊರಿಗೆ ಊರೇ ಮಾಸ್ಕ್ ಹಾಕಿಕೊಂಡಾಗ ಅವಳಿಗೆ, ಹೇಳಿಕೊಳ್ಳಲು ನಾಚಿಕೆಯಾದರೂ, ನಿರಾಳವೆನಿಸಿತ್ತು. ದಾದರಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸುವ ಕೌಂಟರಿನ ಕೆಲಸ ಸಿಕ್ಕಿದ್ದೂ ಆಗಲೇ. ಮುಂದೆ ಎಲ್ಲರೂ ಮಾಸ್ಕ್ ತೆಗೆದುಹಾಕಿದರು, ವಂದನಾ ಮಾತ್ರ ತೆಗೆಯಲಿಲ್ಲ. ಆಸ್ಪತ್ರೆಯ ಕೆಲಸವಲ್ಲವೇ, ಯಾರೂ ಯಾಕೆಂದು ಕೇಳಲಿಲ್ಲ.

ಅವಳಿಗೆ ಇಪ್ಪತ್ತಾರು ನಡೆಯುತ್ತಿದ್ದಾಗ ಬೊರಿವಲಿಯಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ಅಕ್ಷಯ. ಮೂಲ ಬೆಳಗಾವಿಯವರು, ಬೊರಿವಲಿ ಸ್ಟೇಷನ್ ಬಳಿ ವಿದ್ಯುತ್ ಸಾಮಾನಿನ ಅಂಗಡಿ. ನೋಡಲು ಬಂದವರು ಸಂತೋಷವಾಗಿಯೇ ಮಾತಾಡಿದರು. ಚಹಾ ಕುಡಿದು ವಂದನಾ ತುಟಿ ಒರೆಸಿಕೊಂಡಾಗ ಕ್ರೀಮೂ ಸ್ವಲ್ಪ ಹೋಯಿತು. ಅಕ್ಷಯನ ತಾಯಿ ಕೆಳಗಿನ ಚುಕ್ಕೆಗಳನ್ನು ಕಂಡರು. ಮರುದಿನ ಗಂಗುಬಾಯಿಗೆ ಫೋನ್ ಮಾಡಿ, ಹುಡುಗಿ ಎಲ್ಲರಿಗೂ ಹಿಡಿಸಿದ್ದಾಳೆ, ಆದರೆ ಆ ಹಚ್ಚೆಯೊಂದು ಹೋದರೆ ಒಳ್ಳೆಯದಿತ್ತು, ಮದುವೆಯ ಫೋಟೋದಲ್ಲಿ ಕಾಣುತ್ತದೆ, ನೆಂಟರು ಆಡಿಕೊಳ್ಳುತ್ತಾರೆ, ಈಗ ಲೇಸರ್ ಬಂದಿದೆಯಲ್ಲ ಎಂದು ಮೆತ್ತಗೆ ಹೇಳಿದರು. ಗಂಗುಬಾಯಿ ಆಗಲಿ ಎಂದುಬಿಟ್ಟಳು. ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ ತಂದೆ ಯಲ್ಲಾಲಿಂಗ, ಅವಳಿಗೆ ಸರಿ ಅನ್ನಿಸಿದರೆ ಮಾಡಿಸಲಿ ಎಂದಷ್ಟೇ ಹೇಳಿ ಪೇಪರು ತೆರೆದ.

ವಂದನಾಳೂ ಹೂಂ ಎಂದಳು. ಯಾರೂ ಅವಳನ್ನು ಒತ್ತಾಯಿಸಲಿಲ್ಲ. ಬೆಳಗಿನ ಆ ಇಪ್ಪತ್ತು ನಿಮಿಷ ಉಳಿಯುತ್ತದಲ್ಲ ಎಂದೇ ಅವಳು ಯೋಚಿಸಿದ್ದು.

ಆರು ಸಲ ಬರಬೇಕಾಗುತ್ತದೆ ಎಂದು ಲೇಸರ್ ಕ್ಲಿನಿಕ್ಕಿನವರು ಹೇಳಿದರು. ಮೊದಲ ಸಲ ಒಗ್ಗರಣೆಯ ಎಣ್ಣೆ ಸಿಡಿದ ಹಾಗಾಯಿತು, ಎರಡು ದಿನ ಉರಿದು ಶಮನವಾಯಿತು. ಒಂದೂವರೆ ತಿಂಗಳು ಬಿಟ್ಟು ಎರಡನೆಯ ಸಲ ಹೋದಾಗ ಗದ್ದ ಊದಿ ಬೊಕ್ಕೆ ಎದ್ದಿತು. ಅಂದು ಸಂಜೆ ಅವಳು ಮನೆಗೆ ಬಂದು ಗೋಡೆಗೊರಗಿ ಕೂತಳು. ಗಂಗುಬಾಯಿ ಫ್ರಿಜ್ಜಿನ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಗದ್ದಕ್ಕೆ ಒತ್ತಿದಳು. ಎರಡು ಸಲ ಒತ್ತಿದವಳು ಮೂರನೆಯ ಸಲಕ್ಕೆ ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಅಳತೊಡಗಿದಳು. ತನಗೆ ನೋಯುವುದನ್ನು ನೋಡಲಾರದೆ ಅಳುತ್ತಿದ್ದಾಳೆ ಎಂದುಕೊಂಡ ವಂದನಾ, ಏನೂ ಆಗುವುದಿಲ್ಲ, ನಾಳೆಗೆ ಇಳಿಯುತ್ತದೆ ಎಂದಳು.

“ಇದನ್ನ ನಿಮ್ಮಜ್ಜಿ ಹಾಕಿಸಿಲ್ಲವ್ವಾ,” ಎಂದಳು ಗಂಗುಬಾಯಿ. “ನಾನ ಹಾಕಿಸಿದ್ದು. ನಿನ್ನ ತಲಿ ಹಿಡಕೊಂಡಾಕಿನೂ ನಾನ.”

ಆಮೇಲೆ ತಡೆತಡೆದು ಎಲ್ಲವನ್ನೂ ಹೇಳಿದಳು. ಹತ್ತೊಂಬತ್ತಕ್ಕೆ ಮದುವೆಯಾಗಿ ಮುಂಬಯಿಗೆ ಬಂದಾಗ ಅವಳಿಗೆ ಹಿಂದಿಯೂ ಬರುತ್ತಿರಲಿಲ್ಲ, ಮರಾಠಿಯೂ ಬರುತ್ತಿರಲಿಲ್ಲ. ಗಂಡ ಕೆಲಸಕ್ಕೆ ಹೋದನೆಂದರೆ ಸಂಜೆಯವರೆಗೆ ಒಂದು ಮಾತಿಗೂ ಜನವಿಲ್ಲ. ಮಗಳು ಹುಟ್ಟಿದ ಮೇಲೆ ಮಾತಿಗೆ ಒಂದು ಜೀವ ಸಿಕ್ಕಿತು ಎಂದುಕೊಂಡಿದ್ದಳು. ಆದರೆ ಮಗಳು ಪಕ್ಕದ ಮನೆಯ ಮಕ್ಕಳ ಜೊತೆ ಆಡುತ್ತ ಹಿಂದಿಯನ್ನೇ ಮೊದಲು ಕಲಿತಳು. ಊಟಕ್ಕೆ ಕರೆದರೂ ಹಿಂದಿಯಲ್ಲೇ ಉತ್ತರ. ಈ ಊರು ತನ್ನ ಕೂಸನ್ನು ತನ್ನಿಂದ ಕಸಿದುಕೊಳ್ಳುತ್ತಿದೆ ಎಂದು ಗಂಗುಬಾಯಿಗೆ ಭಯವಾಯಿತು. ಆ ಬೇಸಿಗೆಯಲ್ಲಿ ಹಚ್ಚೆ ಹಾಕುವ ಹೆಂಗಸು ಊರಿಗೆ ಬಂದಾಗ ಮಗಳನ್ನು ತಾನೇ ಎತ್ತಿಕೊಂಡು ಹೋಗಿ ಕೂರಿಸಿದಳು. ಪಟ್ಟಣದಲ್ಲಿ ಬೆಳೆಯುವ ಹುಡುಗಿ, ಹಾಕಿಸುವುದಾದರೆ ತೋಳಿನ ಮೇಲೆ ಹಾಕಿಸು, ಕುಪ್ಪಸದೊಳಗೆ ಮುಚ್ಚಿಹೋಗುತ್ತದೆ ಎಂದು ಚನ್ನವ್ವ ಎಷ್ಟೋ ಹೇಳಿದಳಂತೆ. ಗಂಗುಬಾಯಿ ಒಪ್ಪಲಿಲ್ಲ.

“ಎಲ್ಲೇ ಹೋದ್ರೂ ನೀ ನಮ್ಮಾಕಿ ಅಂತ ಮಂದಿಗೆ ಗೊತ್ತಾಗಬೇಕಂತ ಮಾಡಿದೆ,” ಎಂದಳು. “ಇಲ್ಲಿಗೆ ಬಂದ ಮ್ಯಾಲೆ ಬಿಲ್ಡಿಂಗಿನ ಹೆಂಗಸರು ನಿನ್ನ ಮಾರಿ ನೋಡಿ ನಕ್ಕರು. ನನಗ ನಾಚಿಕಿ ಬಂತು. ಅವ್ವನ ಮ್ಯಾಲೆ ಹಾಕಿಬಿಟ್ಟೆ.”

ಚನ್ನವ್ವನಿಗೆ ಇದು ಗೊತ್ತಿತ್ತು. ಅಳಿಯ ಫೋನಿನಲ್ಲಿ ಕೇಳಿದಾಗ, ಹೌದು, ತಾನೇ ಹಾಕಿಸಿದ್ದು ಎಂದು ಒಪ್ಪಿಕೊಂಡಿದ್ದಳು. ಆ ಮಾತನ್ನು ಹೊತ್ತುಕೊಂಡೇ ನಾಲ್ಕು ವರ್ಷದ ಹಿಂದೆ ತೀರಿಕೊಂಡಳು.

ವಂದನಾ ತಾಯಿಯನ್ನು ಸಮಾಧಾನ ಮಾಡಲಿಲ್ಲ. ಎದ್ದು ಹೊರಗಿನ ಪ್ಯಾಸೇಜಿಗೆ ಹೋಗಿ ನಿಂತಳು. ಅಜ್ಜಿಯ ಮೇಲೆ ತಾನು ವರ್ಷಗಟ್ಟಲೆ ಒಳಗೊಳಗೇ ಸಿಟ್ಟು ಇಟ್ಟುಕೊಂಡಿದ್ದು ನೆನಪಾಯಿತು. ಕೊನೆಯ ಸಲ ಊರಿಗೆ ಹೋದಾಗ ಅಜ್ಜಿ ಗದ್ದ ಹಿಡಿದು ಮಾತಾಡಿಸಲು ಬಂದರೆ ಮುಖ ತಿರುಗಿಸಿದ್ದಳು. ಮೂರು ದಿನ ಅವಳು ತಾಯಿಯೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಡಬ್ಬಿ ಕಟ್ಟಿಸಿಕೊಳ್ಳುವಾಗ, “ಹಾಕಿಸೂವಾಗೂ ನನ್ನ ಕೇಳಲಿಲ್ಲ, ತಗಿಸೂವಾಗೂ ನೀವ ನೀವ ಮಾತಾಡಿ ಮುಗಿಸಿದ್ರಿ,” ಎಂದಳು.

ಗಂಗುಬಾಯಿ ರೊಟ್ಟಿ ಮಡಚುತ್ತಿದ್ದವಳು ನಿಂತಳು. “ಈಗ ಕೇಳ್ತೀನಿ. ಏನ ಮಾಡಬೇಕಂತೀ?”

“ಗೊತ್ತಿಲ್ಲ,” ಎಂದು ವಂದನಾ ಡಬ್ಬಿ ತೆಗೆದುಕೊಂಡು ಹೊರಟಳು. ಅದು ನಿಜವೇ ಆಗಿತ್ತು. ಆ ಚುಕ್ಕೆಗಳ ಮೇಲೆ ಅವಳಿಗೇನೂ ಪ್ರೀತಿಯಿರಲಿಲ್ಲ. ಆದರೆ ಅವು ಇಪ್ಪತ್ತೊಂದು ವರ್ಷ ಅವಳ ಮುಖದ ಮೇಲಿದ್ದವು, ಅವನ್ನು ಏನು ಮಾಡಬೇಕೆಂದು ಒಮ್ಮೆಯಾದರೂ ತಾನಾಗಿ ಯೋಚಿಸಿರಲಿಲ್ಲ. ಯೋಚಿಸುವವರೆಗೆ ಇನ್ನು ಯಾರೂ ಅವನ್ನು ಮುಟ್ಟಬಾರದು ಎನ್ನಿಸಿತು.

ಮೂರನೆಯ ಸಲದ ತಾರೀಖಿಗೆ ಎರಡು ದಿನವಿರುವಾಗ ಅಕ್ಷಯನನ್ನು ದಾದರಿಗೆ ಕರೆದಳು. ಇಬ್ಬರೂ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನಲ್ಲಿ ಕೂತರು. ಅವಳು ಮಾಸ್ಕ್ ತೆಗೆದಳು, ಕ್ರೀಮೂ ಹಚ್ಚಿರಲಿಲ್ಲ. ಅಕ್ಷಯ ಗದ್ದವನ್ನು ನೋಡಿ, ತುಂಬಾ ನೋಯಿತಾ ಎಂದು ಕೇಳಿದ. ಬೊರಿವಲಿಯ ಮನೆಯವರಲ್ಲಿ ಅದನ್ನು ಕೇಳಿದವನು ಅವನೊಬ್ಬನೇ. ಅವಳು ವಿಷಯವನ್ನೆಲ್ಲ ಹೇಳಿ, ನಿಮಗೆ ಏನನ್ನಿಸುತ್ತದೆ ಎಂದಳು.

“ನನಗ ಕುಛ್ ಫರಕ್ ನಹೀ ವಂದನಾ, ಸಚ್ಚೀ,” ಎಂದ ಅಕ್ಷಯ. “ಮಮ್ಮಿಗೆ ಮಾತ್ರ ಸ್ವಲ್ಪ...”

“ಹಂಗಿದ್ರ ಅದನ್ನ ನಿಮ್ಮ ಮಮ್ಮಿಗೆ ಹೇಳ್ರಿ.”

ಅವನು ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಸುರಿಯುತ್ತ ಕೂತ. ಇನ್ನು ನಾಲ್ಕೇ ಸಲ ಅಲ್ಲವಾ, ಮುಗಿಸಿಬಿಟ್ಟರೆ ಎಲ್ಲರಿಗೂ ಸಮಾಧಾನ, ಮನೆಯಲ್ಲಿ ಸುಮ್ಮನೆ ಜಗಳ ಯಾಕೆ ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಎಂದು ವಂದನಾಳಿಗೆ ಗೊತ್ತಿತ್ತು. ತಾಯಿಯೆದುರು ಅವನು ಯಾವತ್ತೂ ಹೀಗೇ ಕೂತಿರುತ್ತಾನೆ ಎಂಬುದೂ ಆಗ ಅರ್ಥವಾಯಿತು. ತಾನು ಮೂರನೆಯ ಸಲಕ್ಕೆ ಹೋಗುವುದಿಲ್ಲ, ಮುಂದೆಂದಾದರೂ ತನಗೇ ಬೇಕೆನಿಸಿದರೆ ಹೋಗುತ್ತೇನೆ ಎಂದಳು. ಅವನು ವಾದ ಮಾಡಲಿಲ್ಲ. ಬಸ್ ಸ್ಟಾಪಿನವರೆಗೆ ಜೊತೆಗೆ ನಡೆದುಬಂದು, ಅವಳು ಬಸ್ಸು ಹತ್ತಿದ ಮೇಲೆ ಸ್ಟೇಷನ್ ಕಡೆ ಹೋದ.

ಎಂಟು ದಿನಕ್ಕೆ ಬೊರಿವಲಿಯಿಂದ ಫೋನ್ ಬಂತು. ಜಾತಕ ಇನ್ನೊಮ್ಮೆ ತೋರಿಸಿದೆವು, ಕೂಡಿಬರಲಿಲ್ಲ ಎಂದರು. ಗಂಗುಬಾಯಿ ಫೋನ್ ಇಟ್ಟು ಗೋಡೆಯ ಕಡೆ ಮುಖಮಾಡಿ ಮಲಗಿದಳು. ಆ ದಿನ ವಂದನಾ ಅಡಿಗೆ ಮಾಡಿದಳು, ಮೂವರೂ ಉಂಡರು. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಅವಳು ಬಹಳ ದಿನ ಯೋಚಿಸಿದಳು. ಕೆಲವು ದಿನ ತಪ್ಪು ಎಂದೇ ಅನ್ನಿಸುತ್ತಿತ್ತು.

ಗದ್ದ ಪೂರ್ತಿ ವಾಸಿಯಾದ ಮೇಲೆ ಒಂದು ಚುಕ್ಕೆ ಮುಕ್ಕಾಲು ಪಾಲು ಅಳಿದಿತ್ತು, ಉಳಿದೆರಡು ಬೂದಿ ಬಣ್ಣಕ್ಕೆ ತಿರುಗಿದ್ದವು. ವಂದನಾ ಆಸ್ಪತ್ರೆಯಲ್ಲಿ ಮಾಸ್ಕ್ ಹಾಕುವುದನ್ನು ಬಿಟ್ಟಳು. ಮೊದಲ ವಾರ ಕೌಂಟರಿನ ಗೆಳತಿಯರು ಕೇಳಿದರು, ಹೇಳಿದಳು. ಆಮೇಲೆ ಯಾರೂ ಕೇಳಲಿಲ್ಲ.

ನವೆಂಬರಿನಲ್ಲಿ ಕನ್ನಡ ಸಂಘದ ಶಶಿಕಾಂತ ಅಂಕಲ್ ಮನೆಗೆ ಬಂದರು. ರಾಜ್ಯೋತ್ಸವಕ್ಕೆ ನಾಡಿನ ಉಡುಗೆ ತೊಡುಗೆಯ ಕಾರ್ಯಕ್ರಮವಿತ್ತು. ವಂದನಾ ಇಳಕಲ್ ಸೀರೆಯುಟ್ಟು, ಸೊಂಟದ ಮೇಲೆ ಕೊಡ ಇಟ್ಟುಕೊಂಡು ವೇದಿಕೆಯ ಮೇಲೆ ನಡೆಯಬೇಕು, ಹಿಂದಿನ ಸಾಲಿಗೂ ಕಾಣುವಂತೆ ಹಚ್ಚೆಯನ್ನು ಪೆನ್ಸಿಲಿನಿಂದ ತಿದ್ದಿಕೊಳ್ಳಬೇಕು, ಈಗ ಮುಂಬಯಿಯಲ್ಲಿ ಇಂಥ ಅಸಲಿ ಗದ್ದ ಎಲ್ಲಿ ಸಿಗುತ್ತದೆ ಎಂದು ಉತ್ಸಾಹದಿಂದ ಹೇಳಿದರು. ಬಾಗಿಲಲ್ಲಿ ಕೂತು ಹೆಸರು ಬರೆದುಕೊಳ್ಳುವ ಕೆಲಸವಿದ್ದರೆ ಮಾಡುತ್ತೇನೆ, ಇದು ಬೇಡ ಎಂದಳು ವಂದನಾ. ಅವರಿಗೆ ಬೇಸರವಾಯಿತು. ನಮ್ಮ ಸಂಸ್ಕೃತಿ ಎಂದರೆ ನಿಮಗೆಲ್ಲ ಯಾಕಿಷ್ಟು ನಾಚಿಕೆ ಎಂದು ಕೇಳಿದರು.

“ನಾಚಿಕಿ ಇಲ್ರಿ ಅಂಕಲ್. ಈ ಮಾರಿ ತಗೊಂಡ ದಿನಾ ಕೆಲಸಕ್ಕ ಹೋಗ್ತೀನಿ. ಪೆನ್ಸಿಲ್ ಹಚ್ಚಿಕೊಂಡ ತೋರಸೂದು ಮಾತ್ರ ನನ್ನ ಕಡಿಂದ ಆಗೂದಿಲ್ಲ.”

ಅವರು ಚಹಾ ಕುಡಿದು ಹೋದರು. ಲೋಟ ಎತ್ತುತ್ತ ಗಂಗುಬಾಯಿ, ಆ ಕೊಡ ಅವರೇ ಹೊತ್ತುಕೊಂಡು ನಡೆಯಲಿ ಎಂದಳು. ತಾಯಿ ಮಗಳು ಬಹಳ ತಿಂಗಳ ಮೇಲೆ ಒಟ್ಟಿಗೆ ನಕ್ಕರು.

ಈ ಸಂಕ್ರಾಂತಿಯ ನಂತರ ಯಲ್ಲಾಲಿಂಗ ಮಗಳ ಮದುವೆಗೆ ಹೊಸ ಬಯೋಡಾಟಾ ಬರೆಯಲು ಕೂತ. ಅವನ ಅಕ್ಷರ ಮುತ್ತಿನಂಥದು. ಬರೆದು ಮುಗಿಸಿ ವಂದನಾಳ ಕೈಗೆ ಕೊಟ್ಟ. ಎತ್ತರ, ಬಣ್ಣ ಆದಮೇಲೆ ‘ಗುರುತು’ ಎಂದು ಬರೆದು, ಮುಂದೆ ‘ಗದ್ದದ ಮೇಲೆ ಹಚ್ಚೆ, ಅರ್ಧ ತೆಗೆಸಿದೆ’ ಎಂದು ಸೇರಿಸಿದ್ದ. ವಂದನಾಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಮಾತು ಬರಬಾರದಲ್ಲ, ಅದಕ್ಕೆ ಮೊದಲೇ ತಿಳಿಸಿದ್ದೇನೆ ಎಂದ ಯಲ್ಲಾಲಿಂಗ.

“ಅದನ್ನ ಬರೀಬ್ಯಾಡ ಅಪ್ಪಾ. ಮನಿಗೆ ಬಂದವರಿಗೆ ಕಣ್ಣಿರ್ತಾವಲ್ಲ.”

ಅವನು ಆ ಸಾಲನ್ನು ಹೊಡೆದುಹಾಕಿದ. ಒಂದು ನಿಮಿಷ ನೋಡುತ್ತ ಕೂತು ಬಣ್ಣದ ಸಾಲನ್ನೂ ಹೊಡೆದ, ಆಮೇಲೆ ಎತ್ತರವನ್ನೂ. ಹೀಗೆ ಎಲ್ಲ ಹೊಡೆದರೆ ನೋಡುವವರಿಗೆ ಏನು ತಿಳಿಯುತ್ತದೆ ಎಂದು ಗಂಗುಬಾಯಿ ಒಳಗಿನಿಂದಲೇ ಕೇಳಿದಳು. ಓದು ಇದೆ, ಕೆಲಸ ಇದೆ, ಫೋನ್ ನಂಬರ್ ಇದೆ, ಸಾಕು ಎಂದು ಯಲ್ಲಾಲಿಂಗ ಹೊಸ ಹಾಳೆ ತೆಗೆದುಕೊಂಡ.

ಆ ತಿಂಗಳು ಇಬ್ಬರು ಫೋನ್ ಮಾಡಿದರು. ಒಬ್ಬರನ್ನು ವಂದನಾ ಬೇಡವೆಂದಳು. ಇನ್ನೊಬ್ಬರು ಬರುವ ಭಾನುವಾರ ಬರುವವರಿದ್ದಾರೆ.