ಕ್ಯಾಚರ್ ಗುತ್ತೆವ್ವನ ಬೆರಳು

ಮೈಕು ಸಿಕ್ಕರೆ ಸಾಕು, ಪ್ರಭುಲಿಂಗಪ್ಪ ಗುತ್ತೆವ್ವನ ಬೆರಳಿನ ಕಥೆ ಶುರುಮಾಡುತ್ತಿದ್ದ. ಎಂಬತ್ತೊಂಬತ್ತನೇ ಇಸವಿಯಲ್ಲಿ, ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದಾಗ, ಬ್ಯಾಡಗಿಯ ಹುಡುಗಿಯೊಬ್ಬಳು ಬೆರಳು ಮುರಿದರೂ ಬೇಸ್‌ಬಾಲ್ ಫೈನಲ್ ಪೂರ್ತಿ ಆಡಿ ಕಪ್ ಗೆದ್ದುಕೊಟ್ಟಳು ಎಂಬ ಕಥೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಗುತ್ತೆವ್ವ ಮಾತ್ರ ವೇದಿಕೆಯ ಕೊನೆಯ ಕುರ್ಚಿಯಲ್ಲಿ, ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಹಲ್ಲು ಕಚ್ಚಿ ಕೂತಿರುತ್ತಿದ್ದಳು.

ಅವಳ ಅವ್ವ ಮುದುಕವ್ವ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವಳು. ಗುತ್ತೆವ್ವನೂ ಎಂಟು ವರ್ಷದವಳಿದ್ದಾಗಿಂದ ಅವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಉರಿಯುವ ಕೈಯಲ್ಲೇ ಕಾಯಿ ಬಿಡಿಸಿದವಳು. ಹೈಸ್ಕೂಲಿಗೆ ಬೇಸ್‌ಬಾಲ್ ಕಲಿಸಲು ಬಂದ ಪ್ರಭುಲಿಂಗಪ್ಪ, ಬ್ಯಾಟು ಹಿಡಿದವಳ ಹಿಂದೆ ಹಾಗೆಯೇ ಕೂತು ಚೆಂಡು ಹಿಡಿಯುವ ಕ್ಯಾಚರ್ ಬೇಕೆಂದಾಗ, ಉಳಿದವರ ಮೊಣಕಾಲು ಹತ್ತೇ ನಿಮಿಷಕ್ಕೆ ನಡುಗಿದವು. ಗುತ್ತೆವ್ವ ಸಂಜೆಯವರೆಗೂ ಕೂತಳು. ಆಮೇಲೆ ಹನ್ನೊಂದು ವರ್ಷ ಅವಳನ್ನು ಆ ಜಾಗದಿಂದ ಯಾರೂ ಎಬ್ಬಿಸಲಿಲ್ಲ. ಎದುರು ತಂಡದವಳು ಕಾಲಿಡುವ ರೀತಿ ನೋಡಿಯೇ ಚೆಂಡು ಯಾವ ಕಡೆ ಹೋಗುತ್ತದೆಂದು ಅವಳು ಕೂಗಿ ಹೇಳುತ್ತಿದ್ದಳು. ಚೆಂಡು ಅಲ್ಲಿಗೇ ಹೋಗುತ್ತಿತ್ತು.

ಆಡುವುದು ನಿಂತ ಮೇಲೆ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಜೊತೆಗೆ ಹಾವೇರಿಯ ವರದಾ ಕ್ರೀಡಾ ಬಳಗದ ಹುಡುಗಿಯರ ತಂಡಕ್ಕೆ ಮ್ಯಾನೇಜರ್ ಆಗಿ, ಏಳು ವರ್ಷದಲ್ಲಿ ನಾಲ್ಕು ಕಪ್ ತಂದಳು. ಬಳಗದ ಕಾರ್ಯದರ್ಶಿ ಅದೇ ಪ್ರಭುಲಿಂಗಪ್ಪ.

ಎರಡು ಸಾವಿರದ ಆರರ ಜನವರಿಯಲ್ಲಿ ಹಾವೇರಿಯಲ್ಲಿ ಫೈನಲ್ ನಡೆಯಿತು. ಎದುರಿಗೆ ದಾವಣಗೆರೆಯ ತಂಡ. ರಾಜ್ಯ ತಂಡಕ್ಕೆ ಹುಡುಗಿಯರನ್ನು ಆರಿಸುವವರೂ ಬಂದು ಕೂತಿದ್ದರು. ಆಟ ಮುಗಿದ ಮೇಲೆ ಗುತ್ತೆವ್ವನಿಗೆ ಸನ್ಮಾನವೆಂದು ಪ್ರಭುಲಿಂಗಪ್ಪ ಪೆಂಡಾಲು ಹಾಕಿಸಿದ್ದ. ಏಳು ಇನ್ನಿಂಗ್ಸಿನ ಆಟದ ಐದನೇ ಇನ್ನಿಂಗ್ಸಿನಲ್ಲಿ ವರದಾ ತಂಡ ಒಂದು ರನ್ ಮುಂದಿತ್ತು. ಆಗ ಬ್ಯಾಟಿಗೆ ತಾಗಿ ಹಿಂದಕ್ಕೆ ಹಾರಿದ ಚೆಂಡು ಕ್ಯಾಚರ್ ದುರ್ಗಾಳ ಬಲಗೈಗೆ, ಗ್ಲೌಸಿಲ್ಲದ ಕೈಗೆ, ಬಡಿಯಿತು. ಹುಡುಗಿಗೆ ಹದಿನೇಳು ವರ್ಷ. ಕೂಗಲೂ ಇಲ್ಲ, ಕೈಯನ್ನು ತೊಡೆಗಳ ನಡುವೆ ಒತ್ತಿಕೊಂಡು ಕೂತೇ ಇದ್ದಳು.

ಗುತ್ತೆವ್ವ ಓಡಿಹೋಗಿ ಕೈ ಬಿಡಿಸಿ ನೋಡಿದಳು. ಹೆಬ್ಬೆರಳು ಆಗಲೇ ಬದನೆಕಾಯಿಯಂತೆ ಬಾತು ಒಂದು ಕಡೆ ವಾಲಿತ್ತು.

"ಏಳು. ದವಾಖಾನಿಗೆ ನಡಿ."

ಅಷ್ಟರಲ್ಲಿ ಪ್ರಭುಲಿಂಗಪ್ಪ ಏದುಸಿರು ಬಿಡುತ್ತ ಬಂದ. "ಎರಡ ಇನ್ನಿಂಗ್ಸ್ ಉಳದಾವು, ಪಟ್ಟಿ ಕಟ್ಟಿ ಕುಂದ್ರಸು. ನೀ ಆಡಿದ್ದಿಲ್ಲೇನು ಆವತ್ತು?"

ಗುತ್ತೆವ್ವನ ಕಿವಿ ಕಾದವು. "ಅದಕ್ಕ ಎಬ್ಬಸಾಕ ಹತ್ತೀನ್ರಿ ಸರ್," ಎಂದು, ದುರ್ಗಾಳ ಮುಖದ ಮಾಸ್ಕನ್ನು ತಾನೇ ಕಿತ್ತು, ಎಂದೂ ಆ ಜಾಗದಲ್ಲಿ ಕೂರದಿದ್ದ ಶ್ವೇತಾಳಿಗೆ ಕೊಟ್ಟಳು. ಶ್ವೇತಾಳ ಕೈತಪ್ಪಿ ಚೆಂಡುಗಳು ಹಿಂದೆ ಹಿಂದೆ ಹೋದವು. ಮೂರು ರನ್ನಿನಿಂದ ಸೋತರು.

ಸೋತರೂ ಪ್ರಭುಲಿಂಗಪ್ಪ ಸನ್ಮಾನ ಬಿಡಲಿಲ್ಲ. ಅತಿಥಿಗಳು ಬಂದು ಕೂತಾಗಿತ್ತು. ಶಾಲು ಹೊದಿಸಿ, ಮೈಕಿನಲ್ಲಿ ಗುಡುಗಿದ: "ಇವತ್ತಿನ ಹುಡಿಗ್ಯಾರು ಒಂದು ಪೆಟ್ಟು ತಡಕೊಳ್ಳಂಗಿಲ್ಲ. ಈ ತಾಯಿ ನೋಡ್ರಿ, ಮುರದ ಬೆರಳಿನ್ಯಾಗ ಆಡ್ಯಾಳ! ಎಂಥಾ ಧೈರ್ಯ!"

ಗುತ್ತೆವ್ವ ಎದ್ದು ಬಂದು ಅವನ ಕೈಯಿಂದ ಮೈಕು ಕಸಿದುಕೊಂಡಳು. ಹದಿನೇಳು ವರ್ಷ ಸೆರಗಿನಲ್ಲಿ ಮುಚ್ಚಿಟ್ಟ ಕೈಯನ್ನು ಎಲ್ಲರ ಮುಂದೆ ಎತ್ತಿ ಹಿಡಿದಳು. ನಡುಬೆರಳು ಸೊಟ್ಟಗೆ ಕೂಡಿಕೊಂಡು ಮಡಚಲಾರದೆ ನಿಂತಿತ್ತು.

"ಧೈರ್ಯ ಅಲ್ಲರಿ ಅದು, ಅಂಜಿಕಿ! 'ಎದ್ದರ ನಾಳಿಂದ ಟೀಮಿನ್ಯಾಗ ಇರಂಗಿಲ್ಲ' ಅಂದಿದ್ರು ಈ ಸರ್. ಕಪ್ ಗೆದ್ದ ಮ್ಯಾಲೆ ಮೆರವಣಿಗಿ ಮಾಡಿದ್ರು, ದವಾಖಾನಿಗೆ ಕರಕೊಂಡ ಹೋಗಲಿಲ್ಲ. ಒಂದು ತಿಂಗಳ ಮ್ಯಾಲೆ ನಮ್ಮವ್ವ ಕರಕೊಂಡ ಹೋದಾಗ ಎಲುಬು ಸೊಟ್ಟ ಕೂಡಿತ್ತು. ಇವತ್ತಿಗೂ ಈ ಕೈಲೆ ರೊಟ್ಟಿ ಬಡಿಯಾಕ ಆಗಂಗಿಲ್ಲ ನನಗ. ಅದನ್ನ ಕಥಿ ಮಾಡಿ ಹೇಳಾಕ ನಾಚಿಕಿ ಬರಬೇಕು ನಿಮಗ!"

ಶಾಲನ್ನು ಮೇಜಿನ ಮೇಲೆ ಎಸೆದು ಇಳಿದಳು. ಹಿಂದಿನಿಂದ ಪ್ರಭುಲಿಂಗಪ್ಪ ಕಿರುಚಿದ್ದು ಪೆಂಡಾಲಿಗೆಲ್ಲ ಕೇಳಿತು: "ನನ್ನಿಂದ ನೀ ಕ್ಯಾಚರ್ ಗುತ್ತೆವ್ವ ಆದಿ, ಇಲ್ಲಾಂದ್ರ ತೊಟ್ಟು ಬಿಡಸ್ಕೋತ ಕೂತಿರ್ತಿದ್ದಿ!"

ಅವಳು ತಿರುಗಿ ನೋಡದೆ ಬಸ್ಸು ಹತ್ತಿದಳು. ಆ ಮಾತು ಮಾತ್ರ ರಾಣೆಬೆನ್ನೂರಿನವರೆಗೂ ಎದೆಯಲ್ಲಿ ಕುದಿಯಿತು. ಅದರಲ್ಲಿ ಅರ್ಧ ನಿಜವಿತ್ತು. ಅದಕ್ಕೇ ಇನ್ನಷ್ಟು ಉರಿಯಿತು.

ದುರ್ಗಾಳನ್ನು ಮೊದಲೇ ರಾಣೆಬೆನ್ನೂರಿನ ಎಲುಬಿನ ಡಾಕ್ಟರ ಆಸ್ಪತ್ರೆಗೆ ಕರೆದೊಯ್ದಿದ್ದರು. ಕೈಗೆ ಪ್ಲಾಸ್ಟರ್ ಹಾಕಿದ್ದರು. ಬೆರಳು ನೆಟ್ಟಗಾಗುತ್ತದೆ ಎಂದಿದ್ದರು ಡಾಕ್ಟರು. ಗುತ್ತೆವ್ವ ಹತ್ತಿರ ಹೋದರೆ ಹುಡುಗಿ ಮುಖ ತಿರುವಿದಳು.

"ಆರಿಸೋರು ನನ್ನ ನೋಡಾಕ ಬಂದಿದ್ರು, ಅಕ್ಕಾ. ಇನ್ನೆರಡ ಇನ್ನಿಂಗ್ಸ್ ಆಡಿದ್ರ ನಾ ಸ್ಟೇಟ್ ಟೀಮಿನ್ಯಾಗ ಇರ್ತಿದ್ದೆ. ಪ್ರಭುಲಿಂಗಪ್ಪ ಸರ್ ಮ್ಯಾಲಿನ ಸಿಟ್ಟು ನನ್ನ ಮ್ಯಾಲೆ ತೀರಿಸ್ಕೊಂಡ್ರಿ. ನನ್ನ ಒಂದು ಮಾತು ಕೇಳಿದ್ರೇನು?"

"ಕೇಳಿದ್ರ ಏನಂತಿದ್ದಿ?"

"ಆಡ್ತೀನಿ ಅಂತಿದ್ದೆ."

"ನಾನೂ ಹಂಗ ಅಂದಿದ್ದೆ. ಅದಕ್ಕ ಕೇಳಲಿಲ್ಲ."

"ನಾ ನೀವಲ್ಲ!" ದುರ್ಗಾ ಜೋರಾಗಿ ಅತ್ತಳು. ನರ್ಸು ಬಂದು ಗುತ್ತೆವ್ವನನ್ನು ಹೊರಗೆ ಕಳಿಸಿದಳು. ಬಾಗಿಲಲ್ಲಿ ನಿಂತಾಗ ಆ ಹುಡುಗಿಯ ಕೆನ್ನೆಗೆ ಒಂದು ಬಿಗಿಯಬೇಕು ಅನ್ನಿಸಿತು; ಅಪ್ಪಿಕೊಳ್ಳಬೇಕು ಎಂದೂ ಅನ್ನಿಸಿತು. ಎರಡೂ ಮಾಡದೆ ಮನೆಗೆ ನಡೆದಳು.

ವಾರದೊಳಗೆ ಬಳಗ ಅವಳನ್ನು ಮ್ಯಾನೇಜರ್ ಸ್ಥಾನದಿಂದ ತೆಗೆದುಹಾಕಿತು. ಅವಳು ಬ್ಯಾಡಗಿಯ ರೈಲು ಸ್ಟೇಷನ್ ಹಿಂದಿನ ಬಯಲಿನಲ್ಲಿ, ತೊಟ್ಟು ಬಿಡಿಸುವವರ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಭಾನುವಾರ ಭಾನುವಾರ ಆಟ ಕಲಿಸತೊಡಗಿದಳು. ಶ್ವೇತಾಳೂ ಬಂದು ಸೇರಿಕೊಂಡಳು. ದುರ್ಗಾ ಮಾತ್ರ ಬಳಗದಲ್ಲೇ ಉಳಿದಳು.

ಎರಡು ವರ್ಷದ ಮೇಲೆ, ದುರ್ಗಾ ರಾಜ್ಯ ತಂಡಕ್ಕೆ ಆಯ್ಕೆಯಾದ ಸುದ್ದಿಯನ್ನು ಶ್ವೇತಾ ಬಯಲಿಗೇ ತಂದಳು. ಗುತ್ತೆವ್ವನಿಗೆ ಕಣ್ಣು ತುಂಬಿ ಬಂತು; ಹಿಂದೆಯೇ ಸಿಟ್ಟೂ ಬಂತು. ತನಗೊಂದು ಮಾತು ಬಂದು ಹೇಳಬಾರದಿತ್ತೇ?

"ಸಿಕ್ಕರ ಮನೀಗೆ ಬಾ ಅಂತ ಹೇಳು," ಎಂದಳು ಶ್ವೇತಾಳಿಗೆ.

ಶ್ವೇತಾ ಹೇಳಿದಳು. ದುರ್ಗಾ ಬರಲಿಲ್ಲ.